ಗಾರೆ ಕೆಲಸದ ಕೈಕಲಿಕೆಗೆ ಕೊಡಗಿನ ಮಳೆಗಾಲವೇ ತಕ್ಕ ಕಾಲ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನಲ್ಲಿ ಜೂನ್ ತಿಂಗಳು ಕಾಲಿಟ್ಟ ಮೇಲೆ ಗೋಡೆಯ ಹೊರಮೈಗೆ ಗಾರೆ ಹಾಕುವಂತಿಲ್ಲ. ಹೊರಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಕೆಲಸಗಾರರಲ್ಲಿ ಅನೇಕರು ತಮ್ಮ ಊರುಗಳಿಗೆ ಮರಳುತ್ತಾರೆ. ಇಲ್ಲಿಯೇ ನೆಲೆಸಿರುವ ಮೇಸ್ತ್ರಿಗಳು ಮನೆಯೊಳಗಿನ ಸಣ್ಣಪುಟ್ಟ ಕೆಲಸ ಸಿಕ್ಕರೆ ಮಾಡುತ್ತಾರೆ, ಸಿಗದಿದ್ದರೆ ಕೈಕಟ್ಟಿ ಕೂರುತ್ತಾರೆ. ಅಕ್ಟೋಬರ್ ಕಳೆದು ಬಿಸಿಲು ಕಾಣುತ್ತಲೇ ಜಿಲ್ಲೆಯ ಎಲ್ಲರಿಗೂ ಒಂದೇ ಸಲ ಗಾರೆಯವರು ಬೇಕಾಗುತ್ತಾರೆ. ಆ ನೂಕುನುಗ್ಗಲಿನಲ್ಲಿ ಹೊಸ ಮನೆ ಕಟ್ಟುವವರಿಗೆ ಸಿಗುವ ಮೇಸ್ತ್ರಿ, ಬಚ್ಚಲುಮನೆಯ ಗೋಡೆಯಲ್ಲಿ ಎರಡು ಚದರ ಅಡಿ ಗಾರೆ ಉದುರಿದೆ ಎಂದು ಕರೆಯುವವರಿಗೆ ಸಿಗುವುದಿಲ್ಲ. ಇದರಲ್ಲಿ ಮೇಸ್ತ್ರಿಯ ತಪ್ಪೇನೂ ಇಲ್ಲ. ಅರ್ಧ ದಿನದ ಕೆಲಸಕ್ಕೆ ಸಾಮಾನು ಹೊತ್ತು ಘಟ್ಟದ ರಸ್ತೆಯಲ್ಲಿ ಇಪ್ಪತ್ತು ಮೈಲಿ ಬಂದರೆ ಅವರ ಕೂಲಿ ಹುಟ್ಟುವುದಿಲ್ಲ. ಆದರೆ ಹಾಗೆ ಬಿಟ್ಟ ತೇಪೆಯ ಮೂಲಕ ಮುಂದಿನ ಮಳೆಗಾಲದಲ್ಲಿ ನೀರು ಇಳಿದು, ಅಕ್ಕಪಕ್ಕದ ಗಾರೆಯ ಹಿಂದೆ ಹರಡಿ, ಇಡೀ ಗೋಡೆಯನ್ನೇ ಸಡಿಲಿಸುತ್ತದೆ ಎಂಬುದನ್ನು ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಯಾರು ಬೇಕಾದರೂ ನೋಡಬಹುದು.

ಕಟ್ಟಡ ಕೆಲಸಗಳ ಮೇಲ್ವಿಚಾರಣೆಯಲ್ಲಿ ದುಡಿದು ನಿವೃತ್ತನಾದ ನನ್ನ ಸಲಹೆ ಇಷ್ಟು: ಗೋಡೆಗೆ ಗಾರೆ ಹಾಕುವ ಪ್ರಾಥಮಿಕ ಕೈಕೆಲಸವನ್ನು ಜಿಲ್ಲೆಯ ಯುವಕ ಯುವತಿಯರಿಗೂ ಗೃಹಸ್ಥರಿಗೂ ಸೂರಿನಡಿಯಲ್ಲಿ, ಮಳೆಗಾಲದಲ್ಲಿಯೇ ಕಲಿಸಬೇಕು, ಮತ್ತು ಕಲಿಸುವ ಕೆಲಸವನ್ನು ಆಗ ಬಿಡುವಾಗಿರುವ ನಮ್ಮ ಹಿರಿಯ ಮೇಸ್ತ್ರಿಗಳಿಗೇ ಸಂಭಾವನೆ ಕೊಟ್ಟು ಒಪ್ಪಿಸಬೇಕು. ಗದ್ದೆಯ ನಾಟಿ ಮುಗಿದು ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತಿನಿಂದ ಕಾಫಿ ಕೊಯ್ಲು ಆರಂಭವಾಗುವವರೆಗೆ, ಅಂದರೆ ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಮುಗಿಯುವ ತನಕ, ಹಳ್ಳಿಯ ಕೈಗಳಿಗೂ ತುಸು ಬಿಡುವಿರುತ್ತದೆ. ನವೆಂಬರ್ ಬಂತೆಂದರೆ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವುದರೊಳಗೆ ರೋಬಸ್ಟಾ ಕೊಯ್ಲು. ಆಮೇಲೆ ತರಬೇತಿಗೆ ಬನ್ನಿ ಎಂದರೆ ಯಾರೂ ಬರುವುದಿಲ್ಲ. ಸ್ಥಳಕ್ಕೂ ಕೊರತೆ ಇರಲಾರದು. ಕೊಯ್ಲಿಗೆ ಮುಂಚೆ ಬಹಳಷ್ಟು ತೋಟಗಳ ಗೋದಾಮುಗಳು ಖಾಲಿ ಇರುತ್ತವೆ. ಅವುಗಳ ಒಂದು ಮೂಲೆಯಲ್ಲಿ ಕಾಂಕ್ರೀಟ್ ಇಟ್ಟಿಗೆಯಿಂದ ಆಳೆತ್ತರದ ಅಭ್ಯಾಸದ ಗೋಡೆ ಕಟ್ಟಿಕೊಂಡರೆ, ಅದರಲ್ಲಿ ಒಂದು ಮೂಲೆಯೂ ಒಂದು ಕಿಟಕಿಯ ಕಂಡಿಯೂ ಇರುವಂತೆ ನೋಡಿಕೊಂಡರೆ, ಹೊರಗೆ ಎಷ್ಟು ಮಳೆ ಹೊಯ್ದರೂ ಕಲಿಕೆ ನಿಲ್ಲಬೇಕಾಗಿಲ್ಲ.

ಬೇಕಾಗುವ ಸಾಮಾನು ಕೂಡ ಹೆಚ್ಚಿಲ್ಲ. ಗಾರೆ ಎತ್ತಿ ಎರಚುವ ಕರಣೆ, ಮರದ ಉಜ್ಜುಹಲಗೆ, ಗಾರೆಯನ್ನು ಎಳೆದು ಸಮ ಮಾಡುವ ಮಟ್ಟಗೋಲು, ತೂಗುಗುಂಡು, ರಸಮಟ್ಟ, ಮೂಲೆಮಟ್ಟ, ಉಳಿ, ಸುತ್ತಿಗೆ, ತಂತಿಯ ಬ್ರಷ್ಷು, ನೀರು ಚಿಮುಕಿಸುವ ಕುಂಚ, ಜರಡಿ, ಬಾಂಡ್ಲಿ, ಸಲಿಕೆ. ಇವುಗಳಲ್ಲಿ ಯಾವುದಕ್ಕೂ ವಿದ್ಯುತ್ ಬೇಡ. ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ಕೊಂಡು ತಂದ ಮಾತ್ರಕ್ಕೆ ಉಪಕರಣ ನಂಬಿಕೆಗೆ ಯೋಗ್ಯವಾಗುವುದಿಲ್ಲ. ಮರದ ಮಟ್ಟಗೋಲನ್ನು ಒಂದು ಮಳೆಗಾಲ ಗೋಡೆಗೆ ಒರಗಿಸಿಟ್ಟರೆ ಅದು ಬಾಗುತ್ತದೆ, ಮತ್ತು ಬಾಗಿದ ಕೋಲಿನಿಂದ ಎಳೆದ ಗೋಡೆ ಬಾಗಿಯೇ ಇರುತ್ತದೆ. ಎರಡು ಮಟ್ಟಗೋಲುಗಳನ್ನು ಅಂಚಿಗೆ ಅಂಚು ಕೂಡಿಸಿ ಬೆಳಕಿಗೆ ಹಿಡಿದು ನಡುವೆ ಬೆಳಕು ನುಸುಳುತ್ತದೆಯೇ ಎಂದು ನೋಡುವುದು, ರಸಮಟ್ಟದ ಗುಳ್ಳೆ ನಿಂತ ಜಾಗವನ್ನು ಗುರುತಿಸಿಕೊಂಡು ಮಟ್ಟವನ್ನು ಅಲ್ಲಿಯೇ ತುದಿ ಬದಲಿಸಿಟ್ಟು ಗುಳ್ಳೆ ಮತ್ತೆ ಅದೇ ಜಾಗಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸುವುದು, ಕೆಲಸ ಮುಗಿದೊಡನೆ ಕರಣೆಯನ್ನು ತೊಳೆದು ಒರೆಸಿಡುವುದು, ಇವೇ ಮೊದಲ ದಿನದ ಪಾಠವಾಗಲಿ. ಹಿಂದಿನ ದಿನದ ಸಿಮೆಂಟು ಗಟ್ಟಿಯಾಗಿ ಅಂಟಿಕೊಂಡಿರುವ ಕರಣೆಯಿಂದ ನಯವಾದ ಗೋಡೆಯನ್ನು ಯಾವ ಮೇಸ್ತ್ರಿಯೂ ತೆಗೆಯಲಾರ.

ಕಲಿಯುವವರ ಕೈಗೆ ಮೊದಲೇ ಸಿಮೆಂಟು ಕೊಡುವುದು ದುಂದು. ಸಿಮೆಂಟು ನೀರು ಕುಡಿದ ಮೇಲೆ ಕಾಯುವುದಿಲ್ಲ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದನ್ನು ಬಳಸಿ ಮುಗಿಸಬೇಕು, ಇಲ್ಲದಿದ್ದರೆ ಬಿಸಾಡಬೇಕು, ಮತ್ತು ಗೋಡೆಗೆ ಕಚ್ಚಿದ್ದನ್ನು ಮರುದಿನ ಉಳಿಯಿಂದ ಕೀಳಬೇಕು. ಅದರ ಬದಲು ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು ಸೇರಿಸಿ ಕಲಸಿದ ಗಾರೆಯನ್ನು ಅಭ್ಯಾಸಕ್ಕೆ ಕೊಟ್ಟರೆ, ಅದು ಗಾಳಿಯಲ್ಲಿ ಬಹಳ ನಿಧಾನವಾಗಿ ಗಟ್ಟಿಯಾಗುವುದರಿಂದ, ಸಂಜೆ ಗೋಡೆಯಿಂದ ಕೆರೆದು ತೆಗೆದು, ಒದ್ದೆ ಗೋಣಿಯ ಕೆಳಗಿಟ್ಟು, ಮರುದಿನ ನೀರು ಚಿಮುಕಿಸಿ ಮತ್ತೆ ಕಲಸಿಕೊಳ್ಳಬಹುದು. ಒಂದೇ ರಾಶಿ ಗಾರೆಯಲ್ಲಿ ಹತ್ತು ಸಲ ತಪ್ಪು ಮಾಡಿ ಕಲಿಯುವ ಸೌಲಭ್ಯ ಇದು. ಬೇರೆ ದೇಶಗಳ ಗಾರೆ ತರಬೇತಿ ಶಾಲೆಗಳಲ್ಲಿಯೂ ಇದೇ ರೂಢಿ ಇದೆ. ನಮ್ಮಲ್ಲಂತೂ ಸುಣ್ಣದ ಗಾರೆ ಹೊಸದಲ್ಲ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ದೊರೆತದ್ದು 1824ರಲ್ಲಿ. ಮಡಿಕೇರಿಯ ಓಂಕಾರೇಶ್ವರ ದೇವಾಲಯ ಎದ್ದು ನಿಂತದ್ದು ಅದಕ್ಕೂ ಮೊದಲು, 1820ರಲ್ಲಿ. ಆದರೆ ಸುಣ್ಣವನ್ನು ಸಾಧುವೆಂದು ಭಾವಿಸಬಾರದು. ಸುಣ್ಣವೂ ಹಸಿ ಸಿಮೆಂಟೂ ಚರ್ಮವನ್ನು ಸುಡುವಷ್ಟು ಕ್ಷಾರಗುಣವುಳ್ಳವು. ಕೈಗವಸು ಮತ್ತು ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಗೋಡೆಯ ಮುಂದೆ ನಿಲ್ಲಿಸಬಾರದು, ಕಣ್ಣಿಗೆ ಸಿಡಿದರೆ ತಡಮಾಡದೆ ಸ್ವಚ್ಛ ನೀರಿನಿಂದ ಹದಿನೈದು ಇಪ್ಪತ್ತು ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಬೇಕು. ಬರಿಗೈಯಲ್ಲಿ ಗಾರೆ ಮುಟ್ಟುವುದೇ ಗಂಡಸುತನವೆಂದು ತಿಳಿದ ಹಳಬರು ನಮ್ಮಲ್ಲಿದ್ದಾರೆ. ಅವರ ಬಿರಿದ ಬೆರಳುಗಳನ್ನು ನೋಡಿದರೆ ಸಾಕು.

ಇನ್ನು ಕೈಯ ಕೆಲಸ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ತರಬೇತಿ ಎಂಬ ಹೆಸರಿನಲ್ಲಿ ನಡೆಯುವ ಅನೇಕ ಕಾರ್ಯಕ್ರಮಗಳಲ್ಲಿ ಭಾಷಣವೂ ಊಟವೂ ಪ್ರಮಾಣಪತ್ರವೂ ಇರುತ್ತವೆ, ಕರಣೆ ಮಾತ್ರ ಕಲಿಯುವವನ ಕೈಗೆ ಬರುವುದೇ ಇಲ್ಲ. ಗೋಡೆಗೆ ಗಾರೆಯನ್ನು ಬೀಸಿ ಎರಚುವುದು ತೋಳಿನ ಬಲದ ಕೆಲಸವಾಗಿ ಕಂಡರೂ ನಿಜವಾಗಿ ಅದು ಮಣಿಕಟ್ಟಿನ ಕೆಲಸ. ಮೊಣಕೈ ಮೈಗೆ ಹತ್ತಿರವಿರಬೇಕು, ಕಾಲುಗಳು ತುಸು ಅಗಲವಾಗಿ ಊರಿರಬೇಕು, ಕರಣೆಯ ಮೇಲಿನ ಗಾರೆ ಗೋಡೆಯನ್ನು ಮುಟ್ಟುವ ಕ್ಷಣದಲ್ಲಿ ಮಣಿಕಟ್ಟು ಮಾತ್ರ ತಿರುಗಬೇಕು. ಹಾಗೆ ಬಿದ್ದ ಗಾರೆ ತನ್ನ ವೇಗದಿಂದಲೇ ಇಟ್ಟಿಗೆಯ ರಂಧ್ರಗಳಿಗೂ ಕೀಲುಗಳಿಗೂ ನುಗ್ಗಿ ಅಲ್ಲಿನ ಗಾಳಿಯನ್ನು ಹೊರದೂಡುತ್ತದೆ. ಬೀಸಲು ಬಾರದವರು ಕರಣೆಯಿಂದ ಮೆಲ್ಲಗೆ ಸವರಿ ಮೆತ್ತುತ್ತಾರೆ. ಹಿಂದೆ ಗಾಳಿ ಉಳಿಯುತ್ತದೆ, ಗೋಡೆ ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ. ಆ ಟೊಳ್ಳು ಜಾಗವೇ ಎರಡು ಮಳೆಗಾಲದಲ್ಲಿ ಹಾಳೆಹಾಳೆಯಾಗಿ ಬೀಳುವುದು. ಶ್ರಮದ ಲೆಕ್ಕದಲ್ಲಿಯೂ ಈ ಮಣಿಕಟ್ಟಿನ ಪಾಠಕ್ಕೆ ಬೆಲೆಯಿದೆ. ಒಂದು ಚದರ ಮೀಟರ್ ಗೋಡೆಗೆ 12 ಮಿಲಿಮೀಟರ್ ದಪ್ಪದ ಗಾರೆ ಹಾಕಲು 12 ಲೀಟರ್ ಗಾರೆ ಬೇಕು, ಅದರ ತೂಕ ಸುಮಾರು 25 ಕಿಲೋ. ಹತ್ತು ಚದರ ಮೀಟರಿನ ಒಂದು ಗೋಡೆ ಮುಗಿಯುವ ಹೊತ್ತಿಗೆ ಎರಡೂವರೆ ಕ್ವಿಂಟಲ್‌ನಷ್ಟು ಭಾರ ಆ ಒಂದು ಕೈಯ ಮೂಲಕ ಹಾದುಹೋಗಿರುತ್ತದೆ. ತಪ್ಪು ಭಂಗಿಯಲ್ಲಿ ಕಲಿತವರು ನಲವತ್ತು ತುಂಬುವ ಮೊದಲೇ ಹೆಗಲು ನೋವೆಂದು ಕೆಲಸ ಬಿಡುವುದು ಅದಕ್ಕೇ.

ಬೀಸುವುದಕ್ಕೆ ಮುಂಚೆ ಗೋಡೆ ಲಂಬವಾಗಿದೆಯೇ ಎಂದು ತಿಳಿಯಬೇಕು. ಗೋಡೆಯ ಮೇಲ್ಭಾಗದಲ್ಲಿ ಸುಮಾರು 15 ಸೆಂಟಿಮೀಟರ್ ಅಗಲದ ಒಂದು ಗಾರೆಯ ಬಿಲ್ಲೆ ಇಟ್ಟು, ಅದರ ಮುಖದಿಂದ ತೂಗುಗುಂಡು ಇಳಿಬಿಟ್ಟು, ನೂಲಿಗೆ ಸರಿಯಾಗಿ ಕೆಳಗೆ ಇನ್ನೊಂದು ಬಿಲ್ಲೆ ಇಡಬೇಕು. ಹೀಗೆ ಎರಡು ಮೀಟರ್ ಮೀರದ ಅಂತರದಲ್ಲಿ ಗೋಡೆಯುದ್ದಕ್ಕೂ ಬಿಲ್ಲೆಗಳನ್ನು ಇಟ್ಟು, ಮೇಲಿನ ಮತ್ತು ಕೆಳಗಿನ ಬಿಲ್ಲೆಗಳನ್ನು ಗಾರೆಯ ಪಟ್ಟಿಯಿಂದ ಸೇರಿಸಿದರೆ, ಆ ಪಟ್ಟಿಗಳ ಮೇಲೆ ಮಟ್ಟಗೋಲು ಜಾರುವಾಗ ಹೆಚ್ಚಾದದ್ದು ತಾನಾಗಿ ಕೆಳಗಿಳಿಯುತ್ತದೆ, ಕಡಿಮೆಯಾದ ಕಡೆ ಕುಳಿ ಕಾಣುತ್ತದೆ. ಕೋಲನ್ನು ಕೆಳಗಿನಿಂದ ಮೇಲಕ್ಕೆ, ಅಡ್ಡಡ್ಡ ಅಲುಗಿಸುತ್ತ ಎಳೆಯಬೇಕು. ಈ ಬಿಲ್ಲೆಗಳ ಕ್ರಮವನ್ನು ತಪ್ಪಿಸಿ ಕಣ್ಣಂದಾಜಿನಲ್ಲಿಯೇ ಗೋಡೆ ಎಳೆಯುವ ಅಭ್ಯಾಸ ಈಗ ಹೆಚ್ಚುತ್ತಿದೆ. ನುರಿತವರ ಕಣ್ಣು ಮೋಸ ಹೋಗದಿರಬಹುದು. ಹೊಸಬರಿಗೆ ಅದನ್ನೇ ಕಲಿಸುವುದು ಸರಿಯಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕಾಯುವ ವಿದ್ಯೆ. ಮಟ್ಟಗೋಲು ಎಳೆದ ಮೇಲೆ ಗಾರೆ ತುಸು ಬಿಗಿಯುವ ತನಕ ಉಜ್ಜುಹಲಗೆ ಮುಟ್ಟಿಸಬಾರದು. ಬೆರಳೊತ್ತಿದರೆ ಗುರುತು ಮೂಡಬೇಕು, ಆದರೆ ಗಾರೆ ಬೆರಳಿಗೆ ಅಂಟಬಾರದು. ಆಗ ಹಲಗೆಯನ್ನು ದುಂಡಗೆ ತಿರುಗಿಸುತ್ತ, ಅಲ್ಲಲ್ಲಿ ಕುಂಚದಿಂದ ನೀರು ಚಿಮುಕಿಸುತ್ತ ಉಜ್ಜಿದರೆ ಮರಳಿನ ಕಣಗಳು ಒಂದಕ್ಕೊಂದು ಒತ್ತಿ ಕೂರುತ್ತವೆ. ಈ ಹದ ಬರಲು ಎಷ್ಟು ಹೊತ್ತು ಬೇಕೆಂಬುದನ್ನು ಪುಸ್ತಕ ಹೇಳಲಾರದು. ಮಾರ್ಚ್ ತಿಂಗಳ ಮಧ್ಯಾಹ್ನ ಕುಶಾಲನಗರದಲ್ಲಿ ತಿರುಗಿ ನೋಡುವುದರೊಳಗೆ ಬಂದುಬಿಡುತ್ತದೆ, ಮಂಜು ಮುಸುಕಿದ ಮಡಿಕೇರಿಯಲ್ಲಿ ಗಂಟೆಗಟ್ಟಲೆ ಬರುವುದಿಲ್ಲ. ಕಾಯಲಾರದವರು ಗೋಡೆಯ ಮೇಲೆ ಒಣ ಸಿಮೆಂಟು ಎರಚಿ ನೀರು ಹೀರಿಸಿ ಉಜ್ಜಿಬಿಡುತ್ತಾರೆ. ಅಂದು ಸಂಜೆ ಗೋಡೆ ಬಹಳ ನುಣುಪಾಗಿ ಕಾಣುತ್ತದೆ, ಮಾಲೀಕರಿಗೂ ಸಂತೋಷವಾಗುತ್ತದೆ. ಆದರೆ ಮೇಲಿನ ಆ ಸಿಮೆಂಟಿನ ಪೊರೆ ಒಳಗಿನ ಗಾರೆಗಿಂತ ಹೆಚ್ಚು ಕುಗ್ಗುವುದರಿಂದ ಕೆಲವೇ ವಾರಗಳಲ್ಲಿ ಗೋಡೆಯ ತುಂಬ ಕೂದಲೆಳೆಯ ಬಿರುಕುಗಳು ಬಲೆಯಾಗಿ ಹರಡುತ್ತವೆ. ಉಕ್ಕಿನ ಚಪ್ಪಟೆ ಕರಣೆಯಿಂದ ಅತಿಯಾಗಿ ತಿಕ್ಕಿದರೂ ಇದೇ ಪಾಡು. ಮಳೆಗಾಲದ ತೇವದ ಗಾಳಿಯಲ್ಲಿ ಹದ ನಿಧಾನವಾಗಿ ಬರುವುದು ಕಲಿಯುವವರಿಗೆ ಒಂದು ರೀತಿಯಲ್ಲಿ ಉಪಕಾರವೇ ಸರಿ; ಬಿಸಿಲಿನಲ್ಲಿ ಅವಸರಪಡಬೇಕಾದಲ್ಲಿ ಇಲ್ಲಿ ಕೈ ಕುದುರಲು ಸಮಯ ಸಿಗುತ್ತದೆ.

ಕಲಸುವ ಪ್ರಮಾಣದ ವಿಷಯಕ್ಕೆ ಬಂದರೆ, ಒಳಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಹೊರಗೋಡೆಗೆ ಒಂದಕ್ಕೆ ನಾಲ್ಕು ಎಂಬುದು ಎಲ್ಲರ ಬಾಯಲ್ಲೂ ಇದೆ; ಅಳೆಯುವವರು ಮಾತ್ರ ವಿರಳ. ಸಲಿಕೆಯ ಲೆಕ್ಕ ಹಿಡಿದರೆ ಬೆಳಗಿನ ಸಲಿಕೆ ತುಂಬಿರುತ್ತದೆ, ಮಧ್ಯಾಹ್ನದ್ದು ಅರೆಯಾಗಿರುತ್ತದೆ. 50 ಕಿಲೋದ ಒಂದು ಚೀಲ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಒಳ ಅಳತೆ 40 ಸೆಂಟಿಮೀಟರ್ ಉದ್ದ, 35 ಅಗಲ, 25 ಎತ್ತರ ಇರುವ ಒಂದು ಮರದ ಪೆಟ್ಟಿಗೆ ಮಾಡಿಸಿಕೊಂಡರೆ ಅದು ಸರಿಯಾಗಿ ಒಂದು ಚೀಲಕ್ಕೆ ಸಮನಾಗುತ್ತದೆ, ಆಮೇಲೆ ಮರಳನ್ನು ಅದೇ ಪೆಟ್ಟಿಗೆಯಿಂದ ಎಣಿಸಿದರಾಯಿತು. ಇದರಲ್ಲಿಯೂ ನಮ್ಮ ಜಿಲ್ಲೆಯವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ತುಸು ಒದ್ದೆಯಾದ ಮರಳು ಉಬ್ಬುತ್ತದೆ, ಕೆಲವೊಮ್ಮೆ ಕಾಲು ಭಾಗದಷ್ಟು ಹೆಚ್ಚು ಜಾಗ ಹಿಡಿಯುತ್ತದೆ. ಮಳೆಯಲ್ಲಿ ನೆನೆದ ರಾಶಿಯಿಂದ ನಾಲ್ಕು ಪೆಟ್ಟಿಗೆ ಅಳೆದು ಹಾಕಿದವನು ನಿಜವಾಗಿ ಹಾಕಿದ್ದು ಮೂರು ಪೆಟ್ಟಿಗೆಗಿಂತ ತುಸು ಹೆಚ್ಚಿನ ಮರಳಷ್ಟೇ ಇರಬಹುದು. ಸಿಮೆಂಟು ಹೆಚ್ಚಾದರೆ ಗೋಡೆ ಗಟ್ಟಿ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ, ಹೆಚ್ಚಾದಷ್ಟೂ ಕುಗ್ಗುವಿಕೆ ಹೆಚ್ಚು, ಬಿರುಕೂ ಹೆಚ್ಚು. ಮರಳಿನ ಮಣ್ಣಿನಂಶವನ್ನು ನೋಡಲು ಗಾಜಿನ ಸೀಸೆ ಸಾಕು: ಅರ್ಧ ಮರಳು ತುಂಬಿ, ಚಿಟಿಕೆ ಉಪ್ಪು ಬೆರೆಸಿದ ನೀರು ಹಾಕಿ ಕುಲುಕಿ, ಕೆಲವು ಗಂಟೆ ಅಲುಗಿಸದೆ ಬಿಟ್ಟರೆ ಮೇಲೆ ಕೂರುವ ಹೂಳಿನ ಪದರ ಮರಳಿನ ಎತ್ತರದ ಶೇ 8 ಮೀರಬಾರದು ಎಂಬುದು ಕೆಲಸದ ಸ್ಥಳದಲ್ಲಿ ಅನುಸರಿಸುವ ರೂಢಿ. ಹೊಳೆಮರಳು ಅಪರೂಪವಾಗಿ, ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಂದ ಮೇಲೆ ಈ ಪರೀಕ್ಷೆ ಬೇಡವೆಂದು ತಿಳಿದವರಿದ್ದಾರೆ. ಕಲ್ಲಿನ ನುಣ್ಣನೆಯ ಪುಡಿ ಹೆಚ್ಚಿದ್ದರೆ ಗೋಡೆ ಬಿರಿಯುವುದು ಅದರಲ್ಲಿಯೂ ಉಂಟು. ಕಾಂಕ್ರೀಟಿಗೆಂದು ತಂದ ದಪ್ಪ ಕಣದ ಎಂ-ಸ್ಯಾಂಡನ್ನು ಗೋಡೆಗೆ ಬಳಸಿದರೆ ಉಜ್ಜುಹಲಗೆ ಗೋಡೆಯ ಮೇಲೆ ಓಡುವುದೇ ಇಲ್ಲ. ಗಾರೆಯ ಮರಳಿಗಾಗಿಯೇ ಐ.ಎಸ್. 1542 ಎಂಬ ಭಾರತೀಯ ಮಾನಕವಿದೆ, ಗಾರೆ ಹಾಕುವ ವಿಧಾನಕ್ಕೆ ಐ.ಎಸ್. 1661 ಇದೆ. ಎರಡನ್ನೂ ಸರಳ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿಯಾಗಿಸಿ ಕಲಿಯುವವರಿಗೆ ಕೊಡುವುದು ಕಷ್ಟದ ಕೆಲಸವಲ್ಲ.

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಬಯಲುಸೀಮೆಯಲ್ಲಿ ಕಲಿತ ಗಾರೆ ಕೆಲಸ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಪಾಚಿ ಹಿಡಿದ ಗೋಡೆಯ ಮೇಲೆ ಹೊಸ ಗಾರೆ ಹಾಕಿದರೆ ಅದು ಪಾಚಿಗೆ ಅಂಟಿಕೊಳ್ಳುತ್ತದೆಯೇ ಹೊರತು ಗೋಡೆಗೆ ಅಂಟುವುದಿಲ್ಲ. ತಂತಿಯ ಬ್ರಷ್ಷಿನಿಂದ ಉಜ್ಜಿ, ಕೀಲುಗಳನ್ನು ಒಂದು ಸೆಂಟಿಮೀಟರಿನಷ್ಟು ಆಳಕ್ಕೆ ಕೆರೆದು, ತೊಳೆದ ಮೇಲೆಯೇ ಕರಣೆ ಎತ್ತಬೇಕು. ಕೆಂಪುಕಲ್ಲು ಮತ್ತು ಸುಟ್ಟ ಇಟ್ಟಿಗೆ ನೀರನ್ನು ಬೇಗ ಹೀರುತ್ತವೆ, ಅವನ್ನು ಮುಂಚಿತವಾಗಿ ಚೆನ್ನಾಗಿ ನೆನೆಸಬೇಕು. ಕಾಂಕ್ರೀಟ್ ಇಟ್ಟಿಗೆಗೆ ನೀರು ಚಿಮುಕಿಸಿದರೆ ಸಾಕು. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಕೂಡುವ ಗೆರೆಯ ಮೇಲೆ ಕೋಳಿಬಲೆಯ ಪಟ್ಟಿ ಹೊಡೆಯದಿದ್ದರೆ ಅಲ್ಲಿ ನೆಟ್ಟಗೆ ಒಂದು ಬಿರುಕು ಬರುವುದು ಬಹುಮಟ್ಟಿಗೆ ಖಚಿತ. ಕಿಟಕಿಯ ಮೇಲಿನ ಚಜ್ಜಾದ ಅಡಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ನೀರು ತೊಟ್ಟಿಕ್ಕಿ ಬೀಳುವಂತೆ ಒಂದು ಸಣ್ಣ ಗೀರನ್ನು ಹಸಿ ಗಾರೆಯಲ್ಲಿಯೇ ಎಳೆಯಬೇಕು. ಬೆರಳಗಲದ ಈ ಗೀರು ಇಲ್ಲದ ಮನೆಗಳಲ್ಲಿ ಮಳೆನೀರು ಚಜ್ಜಾದ ತಳವನ್ನು ಹಿಡಿದು ಗೋಡೆಗೆ ಹರಿದು ಕಿಟಕಿಯ ಚೌಕಟ್ಟನ್ನು ಕೊಳೆಸುತ್ತದೆ. ಹೊಸ ಮನೆಗಳಲ್ಲಿ ಇದು ಮಾಯವಾಗುತ್ತಿರುವುದನ್ನು ಕಂಡು ನನಗೆ ಆಶ್ಚರ್ಯವಾಗುತ್ತದೆ. ಇತ್ತೀಚೆಗೆ ಒಳಗೋಡೆಗಳಿಗೆ ಜಿಪ್ಸಂ ಬಳಸುವ ಒಲವು ಇಲ್ಲಿಗೂ ಬಂದಿದೆ. ಹೊರಗಿನಿಂದ ತೇವ ಇಳಿಯುವ ಗೋಡೆಗೆ ಜಿಪ್ಸಂ ತಕ್ಕದ್ದಲ್ಲ, ನೀರು ತಗುಲಿದರೆ ಅದು ಮೆತ್ತಗಾಗುತ್ತದೆ.

ಹಳೆಯ ಮಣ್ಣುಗೋಡೆಗಳ ವಿಷಯ ಇನ್ನೂ ಗಂಭೀರವಾದದ್ದು. ನಮ್ಮ ಹಿರಿಯರ ಅನೇಕ ಮನೆಗಳ ಗೋಡೆ ಮಣ್ಣಿನದು. ಗಟ್ಟಿಮಾಡುವ ಉತ್ಸಾಹದಿಂದ ಅದರ ಮೇಲೆ ಸಿಮೆಂಟು ಹಾಕಿಸುವವರಿದ್ದಾರೆ. ಮಣ್ಣು ತೇವವನ್ನು ಹೀರಿ ಗಾಳಿಗೆ ಬಿಡುತ್ತ ಉಸಿರಾಡುತ್ತದೆ. ಸಿಮೆಂಟಿನ ಬಿಗಿಯಾದ ಪದರ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೆ ನಿಂತು ಮಣ್ಣು ಮೆತ್ತಗಾಗುತ್ತದೆ, ಕೊನೆಗೊಂದು ದಿನ ಸಿಮೆಂಟಿನ ಹಲಗೆಯೇ ತನ್ನೊಂದಿಗೆ ಅಂಗೈ ದಪ್ಪದ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಇಂಥ ಗೋಡೆಗೆ ಮಣ್ಣಿನ ಅಥವಾ ಸುಣ್ಣದ ಗಾರೆಯೇ ಸರಿ. ಅಭ್ಯಾಸಕ್ಕೆಂದು ಸುಣ್ಣದ ಗಾರೆಯಲ್ಲಿ ಕೈ ಪಳಗಿಸಿದವರು ಕೊಡವ ಕುಟುಂಬಗಳ ಮೂಲಮನೆಗಳಾದ ಐನ್‌ಮನೆಗಳ ದುರಸ್ತಿಗೂ ಒದಗಬಲ್ಲರು.

ಈ ಸಂದರ್ಭದಲ್ಲಿ ಹೆಂಗಸರ ಕುರಿತು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಕಟ್ಟಡದ ಕೆಲಸದಲ್ಲಿ ಬಾಂಡ್ಲಿ ಹೊರುವವರು ಬಹುಪಾಲು ಅವರೇ. ಗಾರೆಯ ಹದ ಗಟ್ಟಿಯಾಯಿತೋ ತೆಳ್ಳಗಾಯಿತೋ ಎಂಬುದು ತಲೆಯ ಮೇಲಿನ ಭಾರದಿಂದಲೇ ಅವರಿಗೆ ತಿಳಿಯುತ್ತದೆ, ಆದರೂ ವರ್ಷಗಟ್ಟಲೆ ದುಡಿದ ಮೇಲೆಯೂ ಅವರ ಕೈಗೆ ಕರಣೆ ಬರುವುದಿಲ್ಲ, ಕೂಲಿಯೂ ಮೇಸ್ತ್ರಿಯ ಕೂಲಿಯ ಹತ್ತಿರ ಸುಳಿಯುವುದಿಲ್ಲ. ಆದಿವಾಸಿಗಳ ಹಾಡಿಗಳಲ್ಲಿ ಮಣ್ಣುಗೋಡೆಯನ್ನು ಮೆತ್ತಿ ಸಾರಿಸುವವರು ಹೆಂಗಸರೇ ಅಲ್ಲವೇ? ಅಂಗೈಯಿಂದ ಸಮವಾಗಿ ಒತ್ತಿ ಎಳೆಯುವ ಆ ಕೈಗೆ ಉಜ್ಜುಹಲಗೆ ಹೊಸದೆನಿಸದು. ಸ್ವಚ್ಛ ಭಾರತ ಯೋಜನೆಯ ಶೌಚಾಲಯಗಳನ್ನು ಕಟ್ಟುವಾಗ ಜಾರ್ಖಂಡದಲ್ಲಿ ಹಳ್ಳಿಯ ಹೆಂಗಸರು ರಾಣಿ ಮಿಸ್ತ್ರಿಗಳೆಂಬ ಹೆಸರಿನಲ್ಲಿ ಗಾರೆ ಕೆಲಸ ಕಲಿತರು. ನೆರೆಯ ಕೇರಳದಲ್ಲಿ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಯೋಜನೆಯ ಗುಂಪುಗಳ ಹೆಂಗಸರು ಮನೆಗಳನ್ನೇ ಕಟ್ಟಿದ್ದಾರೆ. ನಮ್ಮ ಸ್ವಸಹಾಯ ಸಂಘಗಳಿಗೆ ಉಪ್ಪಿನಕಾಯಿ, ಮೇಣದಬತ್ತಿಗಳ ತರಬೇತಿಯನ್ನು ಮತ್ತೆ ಮತ್ತೆ ಕೊಡುವ ಬದಲು ಒಂದು ಸಲ ಕರಣೆ ಕೊಟ್ಟು ನೋಡಬಹುದು.

ಹಣದ ದಾರಿಗಳು ಇಲ್ಲದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವೂ ಒಂದು. ಅದರಲ್ಲಿ ಐದರಿಂದ ಏಳು ದಿನಗಳ ಪ್ರಾಥಮಿಕ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ ಮತ್ತು ಉಪಕರಣಗಳಿಗೆ 15,000 ರೂಪಾಯಿ ಇದೆ. ಆದರೆ ಅದು ಈಗಾಗಲೇ ಕಸುಬಿನಲ್ಲಿರುವವರಿಗಾಗಿ ಇರುವ ಯೋಜನೆ. ಕೇಂದ್ರದ ಗ್ರಾಮೀಣ ಗಾರೆ ಕೆಲಸಗಾರರ ತರಬೇತಿ 45 ದಿನಗಳದ್ದು, ವಸತಿ ಯೋಜನೆಯ ನಿಜವಾದ ಮನೆಯ ಮೇಲೆಯೇ ಕಲಿಸುವುದು ಅದರ ಹೆಚ್ಚುಗಾರಿಕೆ, ಮತ್ತು ನಾನು ಹೇಳುವ ಮಳೆಗಾಲದ ಪಾಠ ಮುಗಿಸಿದವರನ್ನು ನೇರವಾಗಿ ಅದಕ್ಕೆ ಕಳುಹಿಸಬಹುದು. 1996ರ ಕಾಯ್ದೆಯ ಕಾಲದಿಂದಲೂ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟಡಗಳ ವೆಚ್ಚದ ಮೇಲೆ ಸೆಸ್ ಸಂಗ್ರಹವಾಗುತ್ತಿದೆ. ಕೊಡಗಿನಲ್ಲಿ ಏಳುತ್ತಿರುವ ರೆಸಾರ್ಟುಗಳು ಮತ್ತು ವಾಣಿಜ್ಯ ಕಟ್ಟಡಗಳಿಂದಲೂ ಅದು ಹೋಗುತ್ತದೆ. ಅದರಲ್ಲೊಂದು ಪಾಲು ಕೊಡಗಿನ ಕೈಗಳ ತರಬೇತಿಗೆ ಮರಳುವುದು ನ್ಯಾಯವೇ. ಕೇರಳದ ಕೊಲ್ಲಂನಲ್ಲಿ 1980ರ ದಶಕದಲ್ಲಿ ಮೊದಲಾದ, ಕಡಿಮೆ ಖರ್ಚಿನ ಕಟ್ಟಡ ವಿಧಾನಗಳನ್ನು ಹರಡುವ ನಿರ್ಮಿತಿ ಕೇಂದ್ರಗಳ ಉದ್ದೇಶಗಳಲ್ಲಿ ಕುಶಲಕರ್ಮಿಗಳ ತರಬೇತಿ ಮುಖ್ಯವಾದದ್ದಾಗಿತ್ತು. ನಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರಕ್ಕೆ ಈ ಹೊಣೆ ಒಪ್ಪುತ್ತದೆ.

ಎಲ್ಲರೂ ಗಾರೆ ಕೆಲಸ ಕಲಿತರೆ ಮೇಸ್ತ್ರಿಗಳ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಕೆಲವು ವಾರಗಳ ಕಲಿಕೆಯಿಂದ ಯಾರೂ ಮೇಸ್ತ್ರಿಯಾಗುವುದಿಲ್ಲ. ಮಾಳಿಗೆಯ ಒಳಮೈಗೆ ಗಾರೆ ಹಾಕುವುದು, ಸಾರುವೆ ಕಟ್ಟಿ ಎರಡನೇ ಮಹಡಿಯ ಹೊರಗೋಡೆ ಎಳೆಯುವುದು, ಕಮಾನು ತಿರುಗಿಸುವುದು, ಇವೆಲ್ಲ ವರ್ಷಗಳ ಪಳಗಿಕೆಯಿಂದ ಬರುವಂಥವು. ಹೊಸಬರು ಅವಕ್ಕೆ ಕೈ ಹಾಕಬಾರದೆಂದು ತರಬೇತಿಯಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ಮೇಸ್ತ್ರಿಗಳು ಹೇಗೂ ಒಪ್ಪದ ಎರಡು ಚದರ ಅಡಿಯ ತೇಪೆ, ಸ್ವಿಚ್ ಪೆಟ್ಟಿಗೆಯ ಸುತ್ತಲಿನ ಸಂದು, ದನದ ಕೊಟ್ಟಿಗೆಯ ಮೋಟುಗೋಡೆ, ಇವು ಮನೆಯವರ ಕೈಯಲ್ಲಿ ಆಗಲಿ. ಕಲಿತವರಲ್ಲಿ ನಾಲ್ಕಾರು ಮಂದಿಗೆ ಕಸುಬು ಹಿಡಿಸಿ ತಮಗೆ ಕಲಿಸಿದ ಮೇಸ್ತ್ರಿಯ ಜೊತೆ ಹೋದರೆ ಆ ಮೇಸ್ತ್ರಿಗೂ ಒಳ್ಳೆಯ ಕೈಯಾಳು ಸಿಕ್ಕಂತಾಯಿತು. ಕೆಲಸ ಮಾಡಿಸುವ ಗೃಹಸ್ಥನಿಗೂ ತಾನೇ ಒಂದು ಮೊಳ ಗೋಡೆ ಎಳೆದು ನೋಡಿದ ಮೇಲೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಇರುವ ಅಂತರ ತಿಳಿಯುತ್ತದೆ. ಮುಗಿದ ಮರುದಿನದಿಂದ ಕನಿಷ್ಠ ಏಳು ದಿನ ಗೋಡೆಗೆ ನೀರುಣಿಸುವುದು ತನ್ನದೇ ಹೊಣೆ ಎಂಬುದೂ ನೆನಪಿರುತ್ತದೆ. ಚಳಿಗಾಲವೆಂದು ನೀರು ಹಾಕದೆ ಬಿಟ್ಟು, ಗೋಡೆ ಪುಡಿಯುದುರಿದಾಗ ಮೇಸ್ತ್ರಿಯನ್ನು ಬೈಯುವವರು ನಮ್ಮಲ್ಲಿ ಸಾಕಷ್ಟಿದ್ದಾರೆ.

ಜಿಲ್ಲಾಡಳಿತವೂ ಜಿಲ್ಲಾ ಪಂಚಾಯಿತಿಯೂ ಮೊದಲಿಗೆ ತಾಲ್ಲೂಕಿಗೊಂದು ಅಭ್ಯಾಸದ ಗೋಡೆ ಕಟ್ಟಿಸಲಿ. ಒಂದು ತಂಡದಲ್ಲಿ ಹನ್ನೆರಡು ಮಂದಿಗಿಂತ ಹೆಚ್ಚು ಬೇಡ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಒಬ್ಬ ಮೇಸ್ತ್ರಿ ಪ್ರತಿಯೊಬ್ಬರ ಮಣಿಕಟ್ಟನ್ನು ಹಿಡಿದು ತಿದ್ದಲಾರ. ಪ್ರಮಾಣಪತ್ರ ಕೊಡುವುದಾದರೆ ಹಾಜರಿ ನೋಡಿ ಕೊಡಬಾರದು. ಕಲಿತವರು ಎಳೆದ ಗೋಡೆಗೆ ಎರಡು ಮೀಟರ್ ಉದ್ದದ ಮಟ್ಟಗೋಲು ಹಿಡಿದು ಸಂದು ನೋಡಿ, ಒಣಗಿದ ಮೇಲೆ ತಟ್ಟಿ ಸದ್ದು ಕೇಳಿ ಕೊಡಲಿ. ಕಲಿತವರು ಮನೆಗೆ ಹೋಗುವಾಗ ಕರಣೆ, ಉಜ್ಜುಹಲಗೆ, ತೂಗುಗುಂಡು, ಕೈಗವಸು ಇಷ್ಟನ್ನು ಸ್ವಂತಕ್ಕೆ ಕೊಡಬೇಕು. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ತಮ್ಮ ಗೋದಾಮಿನ ಒಂದು ಮೂಲೆಯನ್ನು ಬಿಟ್ಟುಕೊಡಬಲ್ಲ ತೋಟದ ಮಾಲೀಕರು, ಕಲಿಸಲು ಒಪ್ಪುವ ಮೇಸ್ತ್ರಿಗಳು ತಮ್ಮ ಗ್ರಾಮ ಪಂಚಾಯಿತಿಗೆ ಈಗಲೇ ತಿಳಿಸಿದರೆ, ಮರಳನ್ನೂ ಸುಣ್ಣವನ್ನೂ ಮಳೆ ಬಲಿಯುವ ಮುಂಚೆಯೇ ತಂದು ಸೂರಿನಡಿ ಹಾಕಿಸಿಕೊಳ್ಳಬಹುದು.

ಇತಿ,
ನಿಮ್ಮ ಓದುಗ,
ಮಡಿಕೇರಿ